ಕೊನೆಯ ಅಂಕಿ

ಕೊಪ್ಪದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮೂವತ್ತೈದು ವರ್ಷ ನಂಬರ್ ಪ್ಲೇಟ್ ಬರೆದ ಪೇಂಟರ್ ಸುಂದರೇಶನಿಗೆ ಒಂದು ಹಟವಿತ್ತು. ಗಾಡಿ ಯಾರದೇ ಇರಲಿ, ಕೊನೆಯ ಅಂಕಿಯನ್ನು ಅವನು ಬರೆಯುತ್ತಿರಲಿಲ್ಲ. ಬ್ರಷ್ಷನ್ನು ಬಣ್ಣದಲ್ಲಿ ಅದ್ದಿ ಆ ಮನೆಯವರ ಕೈಗೆ ಕೊಡುತ್ತಿದ್ದ. "ಗಾಡಿಗೆ ಮನೆಯವರ ಕೈ ತಾಗ್ಬೇಕು ಮಾರಾಯ, ಆಮೇಲೆ ರಸ್ತೆ" ಅನ್ನುತ್ತಿದ್ದ. ಹೀಗಾಗಿ ಶೃಂಗೇರಿಯಿಂದ ಎನ್.ಆರ್. ಪುರದ ತನಕ ಅವನು ಬರೆದ ಪ್ಲೇಟುಗಳಲ್ಲೆಲ್ಲ ಮುತ್ತು ಪೋಣಿಸಿದಂಥ ಅಕ್ಷರಗಳು, ಕೊನೆಗೊಂದು ಸೊಟ್ಟ ಅಂಕಿ.

ಗಾಡಿ ನಂಬರು ಎಂವೈ ಎಂದು ಶುರುವಾಗುತ್ತಿದ್ದ ಕಾಲದಲ್ಲಿ ಬ್ರಷ್ ಹಿಡಿದವನು, ಅದು ಕೆಎ ಹದಿನೆಂಟು ಆದ ಮೇಲೆ ಹೆಸರು ಮಾಡಿದ. ಕಪ್ಪು ಹಲಗೆಯ ಬಿಳಿ ಅಕ್ಷರ ಹೋಗಿ ಬಿಳಿ ಹಲಗೆಗೆ ಕಪ್ಪು ಅಕ್ಷರ ಬರಬೇಕೆಂದು ನಿಯಮವಾದಾಗ ಊರಿಗೆ ಊರೇ ಅವನ ಓಣಿಯಲ್ಲಿ ನಿಂತಿತ್ತು. ಆ ಗಲಾಟೆಯಲ್ಲೇ ಅವನ ಸ್ವಂತ ಸ್ಕೂಟರಿನ ಕೊನೆಯ ಏಳನ್ನು ಹೆಂಡತಿ ಪ್ರೇಮಕ್ಕ ಮತ್ತೆ ಬರೆದಳು.

"ಎರಡನೇ ಸಲ ಬರೆಸ್ತಾ ಇದ್ದೀರಲ್ಲ ಮಾರಾಯ್ರೇ, ಇನ್ನೆಷ್ಟು ಸಲ?" ಎಂದು ನಕ್ಕಿದ್ದಳು. ಏಳು, ಕಾಯಿ ಕೀಳುವ ದೋಟಿಯ ಕೊಕ್ಕೆಯ ಹಾಗೆ ಬಾಗಿತ್ತು. ಮೂರನೇ ಸಲ ಬರೆಯಲು ಅವಳಿಲ್ಲ. ತೀರಿಕೊಂಡು ಎರಡು ವರ್ಷವಾಯಿತು.

ಈಗ ಬಂದದ್ದು ಎಚ್‌ಎಸ್‌ಆರ್‌ಪಿ. ಕಾರ್ಖಾನೆಯಲ್ಲಿ ಒತ್ತಿದ ಪ್ಲೇಟೇ ಆಗಬೇಕು, ಕೈಬರಹ ನಡೆಯುವುದಿಲ್ಲ. ಕಸುಬು ಹೋದದ್ದಕ್ಕೆ ಸುಂದರೇಶ ಅಷ್ಟೇನೂ ಕೊರಗಲಿಲ್ಲ; ಬೆರಳೂ ನಡುಗತೊಡಗಿತ್ತು. ಆದರೆ ಆ ಏಳನ್ನು ಬಿಚ್ಚಲು ಮನಸ್ಸು ಬರಲಿಲ್ಲ. ಸರ್ಕಾರ ಗಡುವು ಮುಂದೂಡಿದಾಗಲೆಲ್ಲ ಇವನೂ ಮುಂದೂಡಿದ. ಕೊನೆಗೆ ಬೇರೆ ದಾರಿ ಕಾಣದೆ ಬಾಳಗಡಿಯ ಶೋರೂಮಿಗೆ ಹೋದ.

ಅಲ್ಲಿ ಕೆಲಸಕ್ಕಿದ್ದ ಕೃತಿಕಾ ಹೊಸ ಪ್ಲೇಟ್ ಕೂರಿಸಿ, ಹಳೆಯದನ್ನು ಗುಜರಿ ಚೀಲದತ್ತ ಒಯ್ದಳು.

"ಅದನ್ನ ನಂಗೆ ಕೊಡು ಕೃತಿಕಾ."

"ಆಗಲ್ಲ ಸುಂದರೇಶಣ್ಣ. ಯಾರಾದ್ರೂ ಬೇರೆ ಗಾಡಿಗೆ ಹಾಕಿಬಿಟ್ರೆ ಎಂತ ಮಾಡೋದು? ಹಾಳು ಮಾಡ್ಲೇಬೇಕು."

ಅವಳು ಹೇಳಿದ್ದು ಸರಿಯಾಗಿತ್ತು. ನಿಯಮ ಅವಳಿಗಿಂತ ಅವನಿಗೇ ಚೆನ್ನಾಗಿ ಗೊತ್ತು. ಮೇಜಿನ ಮೇಲೆ ತಗಡು ಕತ್ತರಿ ಕಂಡಿತು.

"ಹಾಗಾದ್ರೆ ಕತ್ತರಿಸು. ಕೊನೇ ಅಂಕಿ ಮಾತ್ರ ಕೊಡು. ಬರೀ ಏಳು ಯಾವ ಗಾಡಿ ನಂಬರೂ ಅಲ್ಲ. ನಮ್ಮನೆಯವಳು ಬರೆದಿದ್ದು."

ಕೃತಿಕಾ ಅವನ ಮುಖ ನೋಡಿದಳು. ಏಳನ್ನು ಕತ್ತರಿಸಿ ಕೊಟ್ಟಳು. ಅಂಗಿಯ ಜೇಬಿನಲ್ಲಿಟ್ಟ ತಗಡು ಮನೆ ಮುಟ್ಟುವ ತನಕ ಎದೆಗೆ ಚುಚ್ಚುತ್ತಿತ್ತು. ಅವನು ತೆಗೆಯಲಿಲ್ಲ.

ತಿಂಗಳು ಕಳೆದು ಕೃತಿಕಾಳದೇ ಫೋನು.

"ಸುಂದರೇಶಣ್ಣ, ಅವತ್ತಿಂದ ಇಲ್ಲಿ ಬಿಚ್ಚಿದ ನಿಮ್ಮ ಕೈಯ ಯಾವ ಪ್ಲೇಟಿಂದೂ ಕೊನೇ ಅಂಕಿ ಎಸೆದಿಲ್ಲ. ಕತ್ತರಿಸಿ ಡಬ್ಬಕ್ಕೆ ಹಾಕಿಟ್ಟಿದ್ದೀನಿ. ಈಗ ನೆಮ್ಮಾರಿನ ನಾರಾಯಣಣ್ಣ ಬಂದು ಕೂತಿದ್ದಾರೆ, ಅವರ ಅಮ್ಮ ಜಲಜಮ್ಮ ಬರೆದ ಮೂರು ಬೇಕಂತೆ. ಡಬ್ಬದಲ್ಲಿ ಮೂರರ ಅಂಕಿಯೇ ಹದಿನಾಲ್ಕು ಇದೆ. ಅವ್ರಿಗೂ ಗುರ್ತು ಸಿಗ್ತಿಲ್ಲ."

ಸುಂದರೇಶ ಕಣ್ಣು ಮುಚ್ಚಿದ. ಕಪ್ಪು ಬಣ್ಣ ಸೆರಗಿಗೆ ತಾಗದಂತೆ ಒಂದು ಕೈಯಲ್ಲಿ ಸೆರಗು ಹಿಡಿದು, ಇನ್ನೊಂದರಲ್ಲಿ ಬ್ರಷ್ ಹಿಡಿದ ಜಲಜಮ್ಮ ಕಂಡರು.

"ಅವ್ರು ಎಡಗೈಯಲ್ಲಿ ಬರೆದಿದ್ದು. ಕೆಳಗಿನ ಹೊಟ್ಟೆ ಸಣ್ಣದು, ಮೇಲಿನದು ದೊಡ್ಡದು. ನಾರಾಯಣಂಗೆ ಕೂತಿರೋಕೆ ಹೇಳು, ನಾನೇ ಬಂದೆ" ಎಂದು ಸ್ಕೂಟರಿನ ಕೀಲಿ ತೆಗೆದುಕೊಂಡ.