ಅಣ್ಣ ಕೋಲಿನ ಕೆಳಗೆ ನಿಂತ ದಿನ

ಅದು ಆ ದಿನದ ಬೆಳಗ್ಗೆ ಇರಬಹುದು, ಅಥವಾ ಹಿಂದಿನ ಸಂಜೆಯೇ ಇರಬಹುದು. ನಾನು ಚಿಕ್ಕವನಿದ್ದಾಗ ನಡೆದದ್ದನ್ನು ಅಕ್ಕ ಒಂದು ಥರ ಹೇಳುತ್ತಾಳೆ, ನಾನು ಇನ್ನೊಂದು ಥರ. ಅಣ್ಣ ತಲೆ ಬೋಳಿಸಿಕೊಂಡು ಬಂದ ಎನ್ನುವುದರಲ್ಲಿ ಮಾತ್ರ ನಮ್ಮಿಬ್ಬರಿಗೂ ಜಗಳವಿಲ್ಲ. ಕೃಷ್ಣಮೂರ್ತಿಪುರಂನ ನಮ್ಮ ಮನೆಯ ಜಗಲಿಯಲ್ಲಿ ಬಿಸಿಲಿತ್ತು. ಅವನ ನೆತ್ತಿ ಸುಲಿದ ಹಲಸಿನ ಬೀಜದಂತೆ ಬೆಳ್ಳಗಿತ್ತು. ಕಿವಿಯ ಹಿಂದೆ ಕತ್ತಿ ತಾಗಿ ಒಂದು ಹನಿ ರಕ್ತ ಒಣಗಿತ್ತು.

ಅಪ್ಪ ಕಾಫಿ ಲೋಟ ಕೆಳಗಿಟ್ಟರು. "ಲೇ, ನಾನಿನ್ನೂ ಗುಂಡುಕಲ್ಲಿನಂಗೆ ಕೂತಿದೀನಿ ಕಣೋ! ಯಾರು ಸತ್ರು ಅಂತ ಬೋಳಿಸ್ಕೊಂಡ್ಬುಟ್ಟೆ?"

ತಂದೆ ತೀರಿಕೊಂಡಾಗ ಮಗ ತಲೆ ಬೋಳಿಸಿಕೊಳ್ಳುವುದು ನಮ್ಮಲ್ಲಿ ರೂಢಿ. ಅಪ್ಪನ ಸಿಟ್ಟು ಅದಕ್ಕೆ.

ಅಕ್ಕ ಬಾಗಿಲಲ್ಲೇ ನಿಂತು ಹೇಳಿದಳು: "ನಂಜನಗೂಡಲ್ಲಿ ಮುಡಿ ಕೊಟ್ಟ ಅಂದ್ರಾಯ್ತು ಬುಡಿ ಅಪ್ಪಾ."

"ದೇವರ ಹೆಸರಲ್ಲೂ ಸುಳ್ಳು ಹೇಳ್ತೀಯೇನಮ್ಮಾ?"

ಅಣ್ಣ ಬೋಳಿಸಿಕೊಂಡದ್ದು ಫುಟ್‌ಬಾಲಿಗಾಗಿ. ಆಗ ನಮ್ಮಲ್ಲಿ ಎಷ್ಟೋ ಮಕ್ಕಳ ಹುಟ್ಟಿದ ದಿನ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಹಾಗಾಗಿ ಚಿಕ್ಕ ಹುಡುಗರ ತಂಡಕ್ಕೆ ವಯಸ್ಸು ಕೇಳುತ್ತಿರಲಿಲ್ಲ, ಎತ್ತರ ಅಳೆಯುತ್ತಿದ್ದರು. ಎರಡು ಗೂಟ ನೆಟ್ಟು, ನಾಲ್ಕು ಅಡಿ ಹತ್ತು ಇಂಚಿನಲ್ಲಿ ಒಂದು ಕೋಲು ಅಡ್ಡ ಇಡುತ್ತಿದ್ದರು. ತಲೆ ತಾಗಿದರೆ ಹೊರಗೆ. ಅಣ್ಣ ಆ ವರ್ಷ ಸೋರೆಬಳ್ಳಿಯಂತೆ ಬೆಳೆದಿದ್ದ. ಕೂದಲು ಹೋದರೆ ಒಂದಿಷ್ಟಾದರೂ ತಗ್ಗುತ್ತೇನೆಂದು ಅವನ ಲೆಕ್ಕ.

ಆಟ ನೋಡಿ ಹನ್ನೊಂದು ಜನ ಹುಡುಗರನ್ನು ಮೊದಲೇ ಆರಿಸಿದ್ದರು. ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದವನು ಅಣ್ಣ. ನಾನು ಹನ್ನೆರಡನೆಯವನು. ಯಾರದಾದರೂ ತಲೆ ಕೋಲಿಗೆ ತಾಗಿದರೆ ಮಾತ್ರ ನನಗೆ ಜಾಗ.

ಮೈದಾನದ ಮಣ್ಣು ಅಂಗಾಲು ಸುಡುತ್ತಿತ್ತು. ಡ್ರಿಲ್ ಮೇಷ್ಟ್ರ ಕೈಯಲ್ಲಿ ಪಟ್ಟಿ ಇತ್ತು. "ಏನೋ, ತಿರುಪತಿಯಿಂದ ನೆಟ್ಟಗೆ ಇಲ್ಲಿಗೇ ಬಂದ್ಯಾ?" ಎಂದರು. ಹುಡುಗರೆಲ್ಲ ನಕ್ಕರು. ಅಣ್ಣ ನಗಲಿಲ್ಲ. ಅಪ್ಪನ ಹಳೆಯ ಖಾಕಿ ಚಡ್ಡಿ ಅವನ ಮಂಡಿಗಿಂತ ಕೆಳಗೆ ಇಳಿದಿತ್ತು. ಕೋಲಿನ ಕೆಳಗೆ ಹೋಗಿ ನಿಂತ. ತಾಗಲಿಲ್ಲ. ಮೇಷ್ಟ್ರು ಪೆನ್ಸಿಲ್ ಎತ್ತಿದರು.

"ಸಾರ್, ಮಂಡಿ ಬಗ್ಗಿಸಿದಾನೆ!"

ನಮ್ಮ ಸಾಲಿನಿಂದಲೇ ಬಂದ ಕೂಗು. ಮೇಷ್ಟ್ರು ಬಗ್ಗಿ ಚಡ್ಡಿಯ ಅಂಚು ಎತ್ತಿ ನೋಡಿದರು. "ನೆಟ್ಟಗೆ ನಿಲ್ಲಪ್ಪ" ಎಂದರು, ಗದರದೆ. ಅಣ್ಣ ನೆಟ್ಟಗೆ ನಿಂತ. ಕೋಲು ಅಲುಗಿತು.

ಅವನ ಹೆಸರು ಹೊಡೆದುಹಾಕಿ ನನ್ನದು ಬರೆದರು. ಅಣ್ಣ ನನ್ನ ಹತ್ತಿರ ಬಂದು, "ಚೆಂಡು ಬಂದ್ರೆ ಕಣ್ಣು ಮುಚ್ಕೋಬೇಡ ಕಣೋ" ಎಂದಷ್ಟೇ ಹೇಳಿ ಒಬ್ಬನೇ ಮನೆಯ ಕಡೆ ನಡೆದ. ಆ ಸಂಜೆ ಅಪ್ಪ ಬೈಯಲಿಲ್ಲ. ಅವನನ್ನು ಕೂರಿಸಿಕೊಂಡು ಬೋಳುತಲೆಗೆ ಕೊಬ್ಬರಿ ಎಣ್ಣೆ ತಿಕ್ಕಿದರು. ಕೂದಲು ಮತ್ತೆ ಬಂತು. ಅಣ್ಣ ಮತ್ತೆ ಯಾವ ತಂಡಕ್ಕೂ ಆಡಲಿಲ್ಲ.

ಮೊನ್ನೆ ನಿಮ್ಮ ಫುಟ್‌ಬಾಲ್ ಸೆಲೆಕ್ಷನ್‌ಗೆ ನಿಮ್ಮ ತಾತ ನಾನೂ ಬಂದಿದ್ದೆನಲ್ಲ, ಮಕ್ಕಳೇ. ಆಧಾರ್ ಕಾರ್ಡ್, ಜನನ ಪತ್ರ ನೋಡಿದರು. ಅನುಮಾನ ಬಂದವರ ವಯಸ್ಸು ತಿಳಿಯಲು ಮಣಿಕಟ್ಟಿನ ಎಕ್ಸ್‌ರೇ ಕೇಳಿದರು. ನಿಮ್ಮಮ್ಮ ಎಲ್ಲವನ್ನೂ ಫೋನಿನಲ್ಲಿ ವಿಡಿಯೊ ತೆಗೆದಳು. ಯಾರು ಯಾರನ್ನು ತಳ್ಳಿದರೆಂದು ನೀವು ಮನೆಗೆ ಬಂದು ನಿಲ್ಲಿಸಿ ನಿಲ್ಲಿಸಿ ನೋಡಿದಿರಿ. ನಮ್ಮದನ್ನು ಯಾರೂ ತೆಗೆಯಲಿಲ್ಲ. ಅಕ್ಕ ಮೈದಾನದಲ್ಲಿ ಇರಲಿಲ್ಲ. ಕೂಗಿದ್ದು ಯಾರೆಂದು ಅಣ್ಣ ಬದುಕಿದ್ದಷ್ಟು ದಿನವೂ ಒಮ್ಮೆಯೂ ಕೇಳಲಿಲ್ಲ, ನಾನೂ ಆ ಮಾತು ಎತ್ತಲಿಲ್ಲ.

ಆಡಬೇಕೆಂಬ ಆಸೆ ನನಗೆ ತುಂಬಾ ಇತ್ತು. ಅವನು ಮಂಡಿ ಬಗ್ಗಿಸಿದ್ದು ನನಗೆ ಕಂಡಿತ್ತು. ಕೂಗಿದವನು ನಾನೇನಾ? ಗೊತ್ತಿಲ್ಲ.