ಬಾಣ ನೆಟ್ಟಗಾದ ಭಾನುವಾರ

ನನ್ನ ಭಾವನ ಬಾಣ ಎಡಕ್ಕೆ ಹೋಗುತ್ತಿತ್ತು.

ಸ್ವಲ್ಪ ಅಲ್ಲ ಸ್ವಾಮಿ, ಮೂವತ್ತು ಹೆಜ್ಜೆ ದೂರಕ್ಕೆ ಒಂದು ಮೊಳ ಎಡಕ್ಕೆ. ಇದೇನು ಮಹಾ ವಿಷಯ, ಇದಕ್ಕೊಂದು ಅಂಕಣ ಬೇಕಾ ಅಂತ ನೀವು ಕೇಳಬಹುದು. ಕೇಳಿ. ಕಳೆದ ತಿಂಗಳು ನನಗೆ ಪ್ರಪಂಚದಲ್ಲಿ ಇದಕ್ಕಿಂತ ದೊಡ್ಡ ವಿಷಯ ಇನ್ನೊಂದು ಇರಲಿಲ್ಲ. ಬರೆಯೋಕೆ ನಾಚಿಕೆಯಾಗುತ್ತಿದೆ. ಆದರೂ ಬರೀತೀನಿ.

ನನ್ನ ಅಕ್ಕ ಚಿಕ್ಕತಾಯಮ್ಮನನ್ನು ಕೊಟ್ಟಿರೋದು ಭೀಮನಬೀಡಿಗೆ. ಆಯುಧಪೂಜೆಗೆ ಒಂದು ವಾರ ಇರುವಾಗ, ಬೆಳ್ಳಂಬೆಳಗ್ಗೆ ಮೋಟಾರ್ ಆನ್ ಮಾಡೋಕೆ ಅಂತ ಹೊಲಕ್ಕೆ ಹೋದಳು. ಮುಸುಕಿನ ಜೋಳದ ಒಳಗಿಂದ ಕಾಡುಹಂದಿಯೊಂದು ನುಗ್ಗಿ ಬಂದು ಗುದ್ದಿತು. ಬಲಗಾಲಿನ ಮೀನಖಂಡ ಸೀಳಿಹೋಯಿತು. ಗುಂಡ್ಲುಪೇಟೆಯಲ್ಲಿ ಹೊಲಿಗೆ ಹಾಕಿದರು. 'ಶುಗರ್ ಬೇರೆ ಇದೆ, ಗಾಯ ಬೇಗ ಮಾಯೋದಿಲ್ಲ. ದಿನ ಬಿಟ್ಟು ದಿನ ಬಂದು ಡ್ರೆಸ್ಸಿಂಗ್ ಮಾಡಿಸಿ' ಅಂದರು. ಈ ಮಾತನ್ನು ನಾನೂ ಕೇಳಿಸಿಕೊಂಡೆ, ಭಾವನೂ ಕೇಳಿಸಿಕೊಂಡರು.

ಭಾವ ಶಿವಮಲ್ಲಪ್ಪನಿಗೆ ಅಕ್ಕ ಅಂದರೆ ಪ್ರಾಣ. ಇದು ಸುಳ್ಳಲ್ಲ. ಅವಳಿಗೆ ಹೊಲಿಗೆ ಹಾಕುವಾಗ ಹೊರಗೆ ನಿಂತು ಟವೆಲ್ ಬಾಯಿಗೆ ತುರುಕಿಕೊಂಡು ಅತ್ತವರು ಅವರು. ಅತ್ತು ಮುಗಿದ ಮೇಲೆ ಒಂದೇ ಮಾತು: 'ಆ ಹಂದಿನ ನಾನು ಬುಡಕಿಲ್ಲ ಮೇಷ್ಟ್ರೇ.'

(ನಾನು ಚಾಮರಾಜನಗರದ ಒಂದು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರ್. ಭಾವ 'ಮೇಷ್ಟ್ರೇ' ಅಂತಾರೆ. ಅದರಲ್ಲಿ ಅರ್ಧ ಮರ್ಯಾದೆ, ಅರ್ಧ ತಮಾಷೆ.)

ಹಬ್ಬದ ಮುನ್ನಾ ದಿನ ಭಾವನ ಮನೆಗೆ ಒಂದು ಉದ್ದನೆಯ ಬಾಕ್ಸ್ ಬಂತು. ವಯನಾಡಿನ ಕಡೆಯ ಒಬ್ಬ ಶುಂಠಿ ವ್ಯಾಪಾರಿ ಕೊಟ್ಟದ್ದು. ಒಳಗೆ ಕ್ರಾಸ್‌ಬೋ. ಬಂದೂಕಿನ ಹಿಡಿಗೆ ಬಿಲ್ಲನ್ನು ಅಡ್ಡ ಕೂರಿಸಿದರೆ ಹೇಗಿರುತ್ತೋ ಹಾಗೆ. ಜೊತೆಗೆ ಆರು ಬಾಣ, ಎರಡು ಥರದ ಮೊನೆ. ಒಂದು ಪ್ರಾಕ್ಟೀಸಿಗೆ, ಪೆನ್ಸಿಲ್ ತುದಿಯ ಹಾಗೆ. ಇನ್ನೊಂದು ಬೇಟೆಗೆ, ಮೂರು ಕಡೆ ಬ್ಲೇಡ್ ಇರೋದು. ಇದಕ್ಕೆ ಬ್ರಾಡ್‌ಹೆಡ್ ಅಂತಾರೆ. ಭಾವ 'ರೆಕ್ಕೆ ಮೊನೆ' ಅಂದರು.

(ಹೌದು, ಪರ್ಮಿಷನ್ ಇಲ್ಲದೆ ಕಾಡುಹಂದಿ ಹೊಡೆಯೋದು ಅಪರಾಧ. ಗೊತ್ತು. ಮೊದಲ ದಿನ ನಾನೂ ಹೇಳಿದೆ. 'ನಿಮ್ಮಕ್ಕನ ಕಾಲು ಸೀಳುವಾಗ ಅದು ಯಾರ ಪರ್ಮಿಷನ್ ತಕ್ಕಂಡಿತ್ತು?' ಅಂದರು. ನಾನು ಸುಮ್ಮನಾದೆ. ಸುಮ್ಮನಾದದ್ದು ತಪ್ಪು. ಆದರೆ ನಾನು ಈ ವಾರ ಬರೆಯುತ್ತಿರೋದು ಅದಕ್ಕಿಂತ ದೊಡ್ಡ ತಪ್ಪಿನ ಬಗ್ಗೆ.)

ಪ್ರಾಕ್ಟೀಸ್ ಮೊನೆ ಹಾಕಿ ಬಿಟ್ಟರೆ ಬಾಣ ಗೋಣಿಚೀಲದ ಮೇಲೆ ಬರೆದ ಚುಕ್ಕಿಗೇ ಹೋಗಿ ನಾಟುತ್ತಿತ್ತು. ಅದೇ ಬಾಣಕ್ಕೆ ರೆಕ್ಕೆ ಮೊನೆಯನ್ನು ಸ್ಕ್ರೂ ಥರ ತಿರುಗಿಸಿ ಹಾಕಿದರೆ ಒಂದು ಮೊಳ ಎಡಕ್ಕೆ. ಇನ್ನೊಂದು ಬಾಣ ಮೇಲಕ್ಕೆ. ಮತ್ತೊಂದು ತೆಂಗಿನ ಮರಕ್ಕೆ. ಭಾವ ಫೋನ್ ಮಾಡಿದರು: 'ಮೇಷ್ಟ್ರೇ, ಅಷ್ಟು ವರ್ಸದಿಂದ ಐಕ್ಳಿಗೆ ಪಾಠ ಮಾಡ್ತಿದ್ದೀರಲ್ಲ, ಇದ್ಯಾಕೆ ಇಂಗಾಯ್ತದೆ ಏಳಿ ಮತ್ತೆ?'

ನನ್ನನ್ನು ಹಿಡಿಯೋಕೆ ಇಷ್ಟು ಸಾಕಾಗಿತ್ತು. ಇಪ್ಪತ್ತಾರು ವರ್ಷ ಬೋರ್ಡ್ ಮೇಲೆ ಬಾಣದ ಗುರುತು ಹಾಕಿದವನು ನಾನು. ನಿಜವಾದ ಬಾಣದ ಬಗ್ಗೆ ಒಬ್ಬರೂ ಏನೂ ಕೇಳಿರಲಿಲ್ಲ.

ಮೊದಲ ಭಾನುವಾರ ಹೋದೆ. ಅಂಗಳದಲ್ಲಿ ನಿಂತು ಭಾವನಿಗೆ ಒಂದು ಗಂಟೆ ಲೆಕ್ಚರ್ ಕೊಟ್ಟೆ. ಬಾಣವನ್ನು ನೆಟ್ಟಗೆ ಒಯ್ಯೋದು ಹಿಂದಿನ ಪುಕ್ಕ. ಮುಂದುಗಡೆ ಬ್ಲೇಡ್ ಬಂದ ತಕ್ಷಣ ಗಾಳಿಗೆ ಅಲ್ಲೂ ಒಂದು ಹಿಡಿ ಸಿಕ್ಕಿತು. ಈಗ ಹಿಂದಿನದು ಒಂದು ಕಡೆ ಎಳೆಯುತ್ತೆ, ಮುಂದಿನದು ಇನ್ನೊಂದು ಕಡೆ ಎಳೆಯುತ್ತೆ. ಮೊನೆ ಕೂದಲೆಳೆಯಷ್ಟು ಸೊಟ್ಟ ಕೂತಿದ್ದರೂ ಸಾಕು, ಗಾಳಿ ಅದನ್ನೇ ದೊಡ್ಡದು ಮಾಡುತ್ತೆ. ಭಾವ ಬಾಯಿ ಬಿಟ್ಟುಕೊಂಡು ಕೇಳಿದರು. ನನ್ನ ಸ್ಟೂಡೆಂಟ್ಸ್ ಯಾರೂ ಹಾಗೆ ಕೇಳಿಲ್ಲ.

ನಡುವೆ ಒಳಗಿಂದ ಅಕ್ಕನ ದನಿ ಬಂತು. 'ಲೇ ತಮ್ಮ, ಕಾಲು ಯಾಕೋ ಕಾವು ಬಂದಂಗದೆ. ಒಸಿ ನೋಡ್ಬಾರ್ಲಾ.'

'ಬಂದೆ ಅಕ್ಕ, ಒಂದು ನಿಮಿಷ' ಅಂದೆ.

ಹೋದೆನಾ? ಇಲ್ಲ. ಆ ಹೊತ್ತಿಗೆ ಬ್ಲೇಡನ್ನು ಪುಕ್ಕದ ಸಾಲಿಗೆ ಸರಿಯಾಗಿ ಹೊಂದಿಸುವ ಐಡಿಯಾ ಹೊಳೆದಿತ್ತು. ಹೊಂದಿಸಿದೆವು. ಬಾಣ ಮತ್ತೆ ಎಡಕ್ಕೇ ಹೋಯಿತು.

ವಾರವೆಲ್ಲ ಅದೇ ಧ್ಯಾನ. ಆರೂ ಬಾಣ ಚಾಮರಾಜನಗರಕ್ಕೆ ತಂದು, ಗುರುತಿನವರ ಚಿನ್ನದ ಅಂಗಡಿಗೆ ಹೋಗಿ, ಅವರ ತಕ್ಕಡಿಯಲ್ಲಿ ಒಂದೊಂದು ಮೊನೆಯನ್ನೂ ತೂಗಿಸಿದೆ. (ಅವರು ಏನಂದುಕೊಂಡರೋ!) ಎಲ್ಲದರ ತೂಕವೂ ಒಂದೇ. ಎರಡು ಮೊಳೆಗಳ ಮೇಲೆ ಬಾಣವನ್ನು ಮಲಗಿಸಿ ಉರುಳಿಸಿ ನೋಡಿದೆ. ರೆಕ್ಕೆ ಮೊನೆಯ ತುದಿ ಗಾಳಿಯಲ್ಲಿ ಸಣ್ಣ ಸುತ್ತು ಹಾಕುತ್ತಿತ್ತು. ಅಂದರೆ ಎಲ್ಲೋ ಸೊಟ್ಟ ಇದೆ. ಬಾಣವೇ ಬಗ್ಗಿರಬೇಕು ಅಂತ ತೀರ್ಮಾನಿಸಿದೆ. ಭಾವ ಅದೇ ವ್ಯಾಪಾರಿಗೆ ಹೇಳಿ ಹೊಸ ಬಾಣ ತರಿಸಿದರು. ಹಳೆಯ ಮೊನೆಗಳನ್ನು ಹೊಸ ಬಾಣಕ್ಕೆ ಹಾಕಿದೆವು.

ಎಡಕ್ಕೇ.

ಈಗ ನಮ್ಮ ಮನೆತನದ ಜನ ಮಾತ್ರ ಮಾಡಬಲ್ಲ ತಪ್ಪಿನ ಬಗ್ಗೆ ಹೇಳಬೇಕು. ಆಯುಧಪೂಜೆಯ ದಿನ ಕುಡುಗೋಲು, ಮಚ್ಚು, ಟಿಲ್ಲರ್ ಜೊತೆಗೆ ರೆಕ್ಕೆ ಮೊನೆಗಳಿಗೂ ಪೂಜೆ ಆಗಿತ್ತು. ಕಾಲು ಚಾಚಿ ಕೂತಿದ್ದ ಅಕ್ಕನೇ ಒಂದೊಂದು ಮೊನೆಯ ಕುತ್ತಿಗೆಗೂ ಅರಿಶಿನದ ದಾರ ಸುತ್ತಿ, ಕುಂಕುಮ ಇಟ್ಟಿದ್ದಳು. ಪ್ರಾಕ್ಟೀಸ್ ಮೊನೆಗೆ ಪೂಜೆ ಇಲ್ಲ. 'ಅದೇನು ಆಯುಧವಾ? ಆಟದ ಸಾಮಾನು' ಅಂದಿದ್ದರು ಭಾವ.

ಆ ದಾರ ನನ್ನ ಕಣ್ಣಿಗೆ ಬಿದ್ದಿರಲಿಲ್ಲ ಅಂತಲ್ಲ. 'ಬಿಚ್ಚನಾ ಭಾವ?' ಅಂತ ಕೇಳಿದ್ದೆ. 'ಪೂಜೆ ಮಾಡಿರದು ಕಣಿ, ಬಿಚ್ಬಾರ್ದು' ಅಂದರು. ನಾನೂ ತೂಕದ ಲೆಕ್ಕ ಹಾಕಿ, ಒಂದೆಳೆ ದಾರದಿಂದ ಆಗೋದೇನು ಅಂತ ಬಿಟ್ಟೆ. ಫಿಸಿಕ್ಸ್ ಮೇಷ್ಟ್ರು ನೋಡಿ!

ಇದೆಲ್ಲ ನಡೆಯುತ್ತಿದ್ದಾಗ ಅಕ್ಕನ ಡ್ರೆಸ್ಸಿಂಗ್ ಏನಾಯಿತು?

ಮೊದಲ ನಾಲ್ಕು ಸಲ ಭಾವ ಬೈಕಿನಲ್ಲಿ ಕರೆದುಕೊಂಡು ಹೋದರು. ಐದನೇ ಸಲ ಗುರಿ ನೆಡೋಕೆ ಹುಲ್ಲಿನ ಪಿಂಡಿ ಕಟ್ಟಬೇಕಿತ್ತು. 'ನಾನೇ ಬಸ್ಸಲ್ಲಿ ಓಗ್ಬತ್ತೀನಿ ಬುಡಿ' ಅಂದಳಂತೆ. ಹೋಗಿಬಂದಳು. ಅದರ ಮುಂದಿನ ಸಲ ಬಸ್ಸಿನ ಮೆಟ್ಟಿಲಿಗೆ ಕಾಲೆತ್ತೋಕೆ ಆಗಲಿಲ್ಲ. ಕಂಡಕ್ಟರ್ 'ಬೇಗ ಅಮ್ಮ, ಬೇಗ' ಅಂದ. ಅವಳು ಹಿಂದೆ ಸರಿದು ನಿಂತಳು. ಬಸ್ಸು ಹೋಯಿತು. ಮನೆಗೆ ವಾಪಸ್ ಬಂದು, ಅದೇ ಹಳೆಯ ಬಟ್ಟೆಯ ಮೇಲೆ ಇನ್ನೊಂದು ಬಟ್ಟೆ ಸುತ್ತಿಕೊಂಡಳು. ಇದನ್ನು ನಮಗೆ ಹೇಳಿದ್ದು ಪಕ್ಕದ ಮನೆಯವರು. ಅದೂ ಎಲ್ಲ ಮುಗಿದ ಮೇಲೆ.

'ನೋವು ಹೆಂಗದೆ?' ಅಂತ ಭಾವ ದಿನಾ ಕೇಳುತ್ತಿದ್ದರು. 'ಅದೆ ಒಸಿ' ಅನ್ನುತ್ತಿದ್ದಳು. ಆ 'ಒಸಿ' ಮುಗಿಯೋದರೊಳಗೆ ಅವರು ಅಂಗಳದಲ್ಲಿರುತ್ತಿದ್ದರು. ನಾನೂ ಫೋನಿನಲ್ಲಿ ಕೇಳುತ್ತಿದ್ದೆ. ಕೇಳಿ, 'ಸರಿ ಅಕ್ಕ, ಭಾವನಿಗೆ ಕೊಡು' ಅನ್ನುತ್ತಿದ್ದೆ.

ಮೂರನೇ ಭಾನುವಾರ. ಮಧ್ಯಾಹ್ನದ ಹೊತ್ತು. ಅಕ್ಕ ಜಗಲಿಯ ಮೇಲೆ ಗೋಡೆಗೆ ಒರಗಿಕೊಂಡು ನಮ್ಮ ಪರದಾಟ ನೋಡುತ್ತಿದ್ದಳು. ನಾನು ಮತ್ತೆ ಬಾಣ ಉರುಳಿಸುತ್ತಾ ತಲೆ ಕೆರೆದುಕೊಳ್ಳುತ್ತಿದ್ದೆ. ಸಾಕಾಗಿ ಹೋಗಿ ಅವಳೇ ಅಂದಳು: 'ಆ ದಾರ ಸಂದಿಗೆ ಸಿಕ್ಕಂಡದೆ ಕಣ್ಲಾ. ತಿರುಗ್ಸುವಾಗ ಒಳೀಕೆ ಓಯ್ತದೆ. ನಾನೇ ಕಟ್ಟಿದ್ದು, ನಂಗೊತ್ತಾಗಕಿಲ್ವಾ? ಬಿಚ್ಚಿ. ದೇವ್ರು ಏನೂ ಅನ್ಕಳಕಿಲ್ಲ.'

ಬಿಚ್ಚಿದೆವು. ಅರಿಶಿನ ಒಣಗಿ ಗಟ್ಟಿಯಾಗಿದ್ದ ದಾರದ ಒಂದು ಎಳೆ ಮೊನೆಗೂ ಬಾಣಕ್ಕೂ ನಡುವೆ ಸಿಕ್ಕಿ, ಮೊನೆ ಒಂದು ಬದಿ ಎತ್ತರ, ಒಂದು ಬದಿ ತಗ್ಗು ಕೂತಿತ್ತು. ಚಿನ್ನದ ತಕ್ಕಡಿಗೆ ಕಾಣದ್ದು, ನನಗೆ ಕಾಣದ್ದು, ಜಗಲಿಯ ಮೇಲಿಂದ ಅವಳಿಗೆ ಕಂಡಿತ್ತು.

ಮೊನೆ ಒರೆಸಿ, ತಿರುಗಿಸಿ ಬಿಗಿ ಮಾಡಿ, ಬಾಣ ಉರುಳಿಸಿದೆ. ತುದಿ ಅಲ್ಲಾಡಲಿಲ್ಲ. ಭಾವ ಗುರಿಯಿಟ್ಟು ಬಿಟ್ಟರು. ಬಾಣ ಚುಕ್ಕಿಗೇ ನಾಟಿತು. ಎರಡನೆಯದು ಅದರ ಪಕ್ಕ. ಮೂರು, ನಾಲ್ಕು, ಐದು. ಐದೂ ಒಂದು ಅಂಗೈಯಗಲದಲ್ಲಿ!

ಭಾವ ನನ್ನನ್ನು ಎತ್ತಿಕೊಂಡುಬಿಟ್ಟರು. ಐವತ್ತೊಂದು ವರ್ಷದ ನನ್ನನ್ನು, ಅರವತ್ತಕ್ಕೆ ಹತ್ತಿರವಿರುವ ಅವರು. 'ಗೆದ್ದುಬುಟ್ಟೋ ಮೇಷ್ಟ್ರೇ!' ನಾನು ಫೋಟೋ ತೆಗೆದೆ. ಸ್ಟೇಟಸ್ ಹಾಕೋಕೆ ಹೊರಟವನು, ಕಾನೂನು ನೆನಪಾಗಿ ನಿಲ್ಲಿಸಿದೆ. ಕಾನೂನು ನೆನಪಾಯಿತು ನೋಡಿ, ಅಕ್ಕ ನೆನಪಾಗಲಿಲ್ಲ.

'ಅಕ್ಕ, ನೋಡಿದ್ಯಾ?' ಅಂತ ಜಗಲಿಯ ಕಡೆ ತಿರುಗಿದೆ. ಅವಳು ಗೋಡೆಯಿಂದ ಜಾರಿ ಒಂದು ಮಗ್ಗುಲಿಗೆ ಬಿದ್ದಿದ್ದಳು. ಉರಿಬಿಸಿಲಿನಲ್ಲಿ ಗಡಗಡ ನಡುಗುತ್ತಿದ್ದಳು. ಮುಟ್ಟಿದರೆ ಮೈ ಕೆಂಡ. ಭಾವ ಕಾಲಿನ ಬಟ್ಟೆ ಬಿಚ್ಚಿದರು. ಅದರ ವಾಸನೆಯನ್ನು ನಾನು ಇಲ್ಲಿ ಬರೆಯಲಾರೆ. ಆ ಮನೆಗೆ ಮೂರು ಭಾನುವಾರ ಬಂದಿದ್ದೆ. ಆ ಬಟ್ಟೆಯ ಹತ್ತಿರ ಒಂದು ಸಲವಾದರೂ ಮೂಗು ಒಯ್ದಿದ್ದರೆ ಸಾಕಿತ್ತು.

ಗೂಡ್ಸ್ ಆಟೋದಲ್ಲಿ ಹಾಸಿಗೆ ಹಾಕಿ ಚಾಮರಾಜನಗರಕ್ಕೆ ತಂದೆವು. ಡಾಕ್ಟರಮ್ಮ ಗಾಯ ನೋಡಿ, ತಲೆಯೆತ್ತಿ ನಮ್ಮಿಬ್ಬರನ್ನೂ ನೋಡಿದರು.

'ಡ್ರೆಸ್ಸಿಂಗ್ ಮಾಡಿಸಿ ಎಷ್ಟು ದಿನ ಆಯ್ತು?'

ಭಾವ ನನ್ನ ಮುಖ ನೋಡಿದರು. ನಾನು ಭಾವನ ಮುಖ ನೋಡಿದೆ. ಬಾಣದ ತೂಕ ಕೇಳಿ, ಪಾಯಿಂಟ್ ಆದ ಮೇಲೆ ಎರಡು ಅಂಕಿ ಹೇಳ್ತೀನಿ.

'ಅನ್ನೊಂದು ದಿನ' ಅಂದಳು ಅಕ್ಕ, ಕಣ್ಣು ಮುಚ್ಚಿಕೊಂಡೇ.

ಇದನ್ನು ಬರೆಯುವಾಗ ಅವಳಿನ್ನೂ ವಾರ್ಡಿನಲ್ಲೇ ಇದ್ದಾಳೆ. ಎರಡು ಸಲ ಥಿಯೇಟರಿಗೆ ಒಯ್ದು ಕೊಳೆತ ಮಾಂಸ ತೆಗೆದಿದ್ದಾರೆ. 'ಇನ್ನು ಎರಡು ದಿನ ನೋಡೋಣ. ಹಬ್ಬದಿದ್ದರೆ ಸರಿ. ಹಬ್ಬಿದರೆ ಮಂಡಿಯಿಂದ ಕೆಳಗೆ ತೆಗೆಯಬೇಕಾಗುತ್ತೆ' ಅಂದಿದ್ದಾರೆ. ಕೂಡದು ಅನ್ನೋಕೆ ನಾವ್ಯಾರು? ಕಾಲು ಕೈಯಲ್ಲಿದ್ದಾಗ ಬಾಣ ಉರುಳಿಸುತ್ತಾ ಕೂತವರು.

ನನಗೆ ಏನೂ ತೋಚುತ್ತಿಲ್ಲ. ಕ್ಲಾಸಿಗೆ ಹೋದರೆ ಬೋರ್ಡ್ ಮೇಲೆ ಬಾಣದ ಗುರುತು ಹಾಕಿ, ಹಾಕಿದ ತಕ್ಷಣ ಒರೆಸಿಬಿಡ್ತೀನಿ. ನಾವು ಗಂಡಸರು ಹೀಗೇನಾ? ಮನೆಯವರಿಗೆ ನೋವಾದರೆ ಆ ನೋವಿನ ಪಕ್ಕ ಕೂರೋಕೆ ನಮಗೆ ಬರೋದಿಲ್ಲ. ಕೈಗೊಂದು ಸಾಮಾನು ಬೇಕು, ರಿಪೇರಿ ಮಾಡೋಕೆ ಒಂದು ಪ್ರಾಬ್ಲಂ ಬೇಕು, ಬಯ್ಯೋಕೆ ಒಬ್ಬ ಶತ್ರು ಬೇಕು. ಅಷ್ಟು ಸಿಕ್ಕಿಬಿಟ್ಟರೆ ಯಾರಿಗೋಸ್ಕರ ಶುರು ಮಾಡಿದೆವು ಅನ್ನೋದೇ ಮರೆತುಹೋಗುತ್ತೆ. ಅದನ್ನೇ ಪ್ರೀತಿ ಅಂದುಕೊಂಡು ಬೆನ್ನು ತಟ್ಟಿಕೊಳ್ತೀವಿ.

ನಿನ್ನೆ ಸಂಜೆ ವಿಸಿಟಿಂಗ್ ಟೈಮಿನಲ್ಲಿ ಭಾವ ಅವಳ ಮಂಚದ ಪಕ್ಕ ನೆಲದ ಮೇಲೇ ಕುಕ್ಕರಿಸಿ ಅತ್ತರು. ಮೂಗು ಒರೆಸಿಕೊಂಡು, ವಾರ್ಡಿಗೆಲ್ಲ ಕೇಳಿಸುವಂತೆ ಅಂದರು: 'ಆ ಹಂದಿನ ಮಾತ್ರ ನಾನು ಬುಡಕಿಲ್ಲ ಕಣಮ್ಮಿ, ನಿನ್ನಾಣೆಗೂ!'

ಜೀವಮಾನದಲ್ಲಿ ಗಂಡನೆದುರು ದನಿ ಎತ್ತದ ಅಕ್ಕ, ಆಗಲೂ ಎತ್ತಲಿಲ್ಲ. ಇಬ್ಬರನ್ನೂ ಒಂದು ಸಲ ನೋಡಿ, ಮೆತ್ತಗೆ ಕೇಳಿದಳು:

'ಹಂದಿ ಒಡ್ಕೊಡಿ ಅಂತ ನಿಮ್ಮನ್ನ ಯಾರು ಕೇಳಿದ್ರು?'