ಟಕ್ ಎಂದು ಸುಮ್ಮನಾಗುವ ಕಾರು

ಕೊಬ್ಬರಿ ವ್ಯಾಪಾರದವನಿಗೆ ಕಣ್ಣಿಗಿಂತ ಕಿವಿ ಮುಖ್ಯ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸಾಕು, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ, ನೀರು ಉಳಿದಿದೆಯೋ, ಕೊಳೆತಿದೆಯೋ ಒಡೆಯದೆಯೇ ಹೇಳಬಲ್ಲೆ. ಅರಸೀಕೆರೆ ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ಈ ಕಿವಿಯಿಂದಲೇ ಅನ್ನ ತಿಂದಿದ್ದೇನೆ. ಅದೇ ಜಂಬದಲ್ಲಿ ಕಾರಿನ ಕಾಯಿಲೆಯನ್ನೂ ಕಿವಿಯಿಂದ ಕಂಡುಹಿಡಿಯಲು ಹೋದೆ.

ಕಾರು ನಮ್ಮಿಬ್ಬರದು. ನನ್ನ ಹೆಂಡತಿ ಮಾದಿಹಳ್ಳಿಯ ಹಾಲಿನ ಸಂಘದ ಕಾರ್ಯದರ್ಶಿ. ಬೆಳಗಿನ ಹಾಲು ಅಳೆಯುವ ಹೊತ್ತಿಗೆ ನಾವಿರುವ ಹಳೇಬೀಡಿನಿಂದ ಅಲ್ಲಿಗೆ ಸರಿಯಾದ ಬಸ್ಸಿಲ್ಲ. ಅದಕ್ಕೇ ಐವತ್ತು ದಾಟಿದ ಮೇಲೆ ಬೇಲೂರಿಗೆ ಹೋಗಿ ಡ್ರೈವಿಂಗ್ ಕಲಿತಳು. ಅವಳು ಸಂಘದಿಂದ ಬಂದ ಮೇಲೆ ನಾನು ಕಾರು ತೆಗೆದುಕೊಂಡು ಅರಸೀಕೆರೆಗೆ ಹೊರಡುವುದು ವಾಡಿಕೆಯಾಗಿತ್ತು. ಕಾರು ಓಡಿಸಿಕೊಂಡು ಬರುವಾಗ ಅವಳ ಮುಖದಲ್ಲಿರುತ್ತಿದ್ದ ಗೆಲುವನ್ನು ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಹಾಗಂತ ಬಾಯಿಬಿಟ್ಟು ಹೇಳಿದವನಲ್ಲ.

ದೀಪಾವಳಿಯ ಹಿಂದುಮುಂದು ಒಂದು ಬೆಳಿಗ್ಗೆ ಸಂಘದ ಮುಂದೆ ಕಾರು ಸ್ಟಾರ್ಟ್ ಆಗಲಿಲ್ಲ. ಹಾಲು ಹಾಕಲು ಬಂದಿದ್ದವರು ತಳ್ಳಿಕೊಟ್ಟರಂತೆ. ಮನೆಗೆ ಬಂದ ಮೇಲೆ ನಾನು ಕೀ ತಿರುಗಿಸಿದೆ. ಟಕ್ ಎಂದಿತು, ಸುಮ್ಮನಾಯಿತು. ಮತ್ತೆ ತಿರುಗಿಸಿದರೆ ಮತ್ತೆ ಟಕ್. ನನಗೆ ಅಷ್ಟೇ ಸಾಕಾಯಿತು.

"ಸೆಲ್ಫು ಸುಟ್ಟೋಗೈತೆ. ನೀನು ಕೀ ಹಿಡ್ಕಂಡೇ ಕೂತಿರ್ತೀಯ ಕಣೇ, ಎಂಜಿನ್ ಹತ್ಕಂಡ ಮೇಲೂ ಬಿಡಲ್ಲ" ಎಂದೆ.

"ನಾನ್ಯಾಕ್ರೀ ಹಿಡ್ಕಳ್ಳಿ?" ಎಂದಳು.

"ನೀನಲ್ದೆ ಇನ್ಯಾರು?" ಎಂದು ಕೀಯನ್ನು ನನ್ನ ಜೇಬಿಗೆ ಹಾಕಿಕೊಂಡೆ. ಮರುದಿನದಿಂದ ಅವಳು ನಸುಕಿನಲ್ಲೇ ಎದ್ದು ಸಿಕ್ಕ ಬಸ್ಸಿನಲ್ಲೋ ಆಟೋದಲ್ಲೋ ಹೋಗತೊಡಗಿದಳು. ಜಗಳವಾಡಲಿಲ್ಲ. ಜಗಳವಾಡಿದ್ದರೆ ನನಗೆ ಹಗುರವಾಗುತ್ತಿತ್ತು.

ಆಮೇಲೆ ಶುರುವಾಯಿತು ತಲೆ ಕೆಡುವ ಆಟ. ಹಾರ್ನ್ ಊರಿಗೇ ಕೇಳುವಂತೆ ಕೂಗುತ್ತದೆ, ದೀಪ ಕಣ್ಣು ಕುಕ್ಕುತ್ತದೆ, ಸೆಲ್ಫು ಮಾತ್ರ ಟಕ್. ಒಂದೊಂದು ದಿನ ಏನೂ ಆಗಿಲ್ಲವೆಂಬಂತೆ ಒಂದೇ ಸಲಕ್ಕೆ ಹತ್ತಿಕೊಳ್ಳುತ್ತದೆ. ಅರಸೀಕೆರೆಯಲ್ಲಿ ಬ್ಯಾಟರಿ ಅಂಗಡಿಯವನು ಬ್ಯಾಟರಿ ಸತ್ತಿದೆ ಎಂದು ಹೊಸದು ಹಾಕಿದ. ಮೂರು ದಿನ ಚೆನ್ನಾಗಿತ್ತು. ನಾಲ್ಕನೆಯ ದಿನ ಮಾರುಕಟ್ಟೆಯ ಗೇಟಿನಲ್ಲಿ, ಹಿಂದೆ ಲಾರಿ ನಿಂತಿದ್ದಾಗ, ಟಕ್. ಹಳೇಬೀಡಿನ ಮೆಕ್ಯಾನಿಕ್ ಸೆಲ್ಫ್ ಮೋಟಾರನ್ನೇ ಬಿಚ್ಚಿ, ಒಳಗಿನ ಕಾರ್ಬನ್ ಬ್ರಷ್ ಸವೆದಿದೆ ಎಂದು ಬದಲಾಯಿಸಿದ. ಒಂದು ವಾರ ಸೊಗಸಾಗಿ ಓಡಿತು. ಮತ್ತೆ ಟಕ್. ರಿಪೇರಿ ಸರಿಯಾಗಿದ್ದರೆ ಮತ್ತೆ ಕೆಡುವುದೇಕೆ? ಸರಿಯಾಗಿಲ್ಲದಿದ್ದರೆ ವಾರ ಓಡಿದ್ದು ಹೇಗೆ? ಕೆಟ್ಟಿರುವುದು ಕಾರೋ ನನ್ನ ತಲೆಯೋ ಗೊತ್ತಾಗದಂತಾಯಿತು. ಆದರೂ ತಪ್ಪು ಯಾರದೆಂಬ ಬಗ್ಗೆ ಮಾತ್ರ ನನಗೆ ಗೊಂದಲವೇ ಇರಲಿಲ್ಲ. ಅವಳು ಮೊದಲೇ ಹಾಳು ಮಾಡಿಟ್ಟಿದ್ದಾಳೆ, ಪಾಪ, ಇವರೆಲ್ಲ ಏನು ಮಾಡಿಯಾರು ಎಂದುಕೊಂಡೆ.

ಕೊನೆಗೆ ಒಂದು ಭಾನುವಾರ ಬೇಲೂರಿನ ಎಲೆಕ್ಟ್ರಿಷಿಯನ್ ಹತ್ತಿರ ಹೋದೆವು. ಅವಳಿಗೆ ಬೇಲೂರಿನಲ್ಲಿ ಸಂಘದವರೊಬ್ಬರನ್ನು ನೋಡುವುದಿತ್ತು, ಅದಕ್ಕೆ ಬಂದಿದ್ದಳು. ವಯಸ್ಸಾದ ಆತ ನನ್ನ ಕಥೆಯನ್ನೆಲ್ಲ ಕೇಳಿಸಿಕೊಂಡು, "ಅಕ್ಕ, ನೀವು ಸೀಟಲ್ಲಿ ಕೂತ್ಕಂಡು ಕೀ ತಿರುಗ್ಸಿ. ಸಾವ್ಕಾರ್ರೇ, ನೀವು ಇಲ್ಲಿ ಬನ್ನಿ" ಎಂದ.

ಅವಳು ತಿರುಗಿಸಿದಳು. ಟಕ್. ಆತ ಒಂದು ದಪ್ಪ ವೈರನ್ನು ತಂದು ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಎಂಜಿನ್ನಿನ ಬರಿ ಕಬ್ಬಿಣಕ್ಕೆ ಕಚ್ಚಿಸಿದ. "ಈಗ ಹೊಡೀರಿ ಅಕ್ಕ." ಎಂಜಿನ್ ಥಟ್ಟನೆ ಹತ್ತಿಕೊಂಡಿತು. ವೈರು ತೆಗೆದರೆ ಟಕ್, ಕಚ್ಚಿಸಿದರೆ ಸ್ಟಾರ್ಟ್. ಮೂರು ಸಲ ಮಾಡಿ ತೋರಿಸಿದ.

"ಸೆಲ್ಫು ಚೆನ್ನಾಗೈತೆ. ಎಂಜಿನ್ನಿಂದ ಕಾರಿನ ಬಾಡೀಗೆ ಹೋಗೋ ಅರ್ತ್ ವೈರು ಸರಿಯಾಗಿ ಕೂತಿಲ್ಲ. ಹಾರ್ನು, ದೀಪಕ್ಕೆ ಅದು ಬೇಕಿಲ್ಲ, ಸೆಲ್ಫಿಗೆ ಅದೇ ದಾರಿ. ಬ್ಯಾಟರಿ ಹಾಕೋರು, ಸೆಲ್ಫು ಬಿಚ್ಚೋರು ಅಲ್ಲಾಡ್ಸಿದಾಗೆಲ್ಲ ಒಂಚೂರು ತಾಗಿರ್ತದೆ, ನಾಕು ದಿನ ಓಡ್ತದೆ" ಎನ್ನುತ್ತ ಬಾಡಿಯ ಮೂಲೆಯಲ್ಲಿ ಆ ವೈರನ್ನು ಹಿಡಿದಿದ್ದ ಬೋಲ್ಟನ್ನು ಬಿಚ್ಚಿದ. ಅದರ ಕೆಳಗೆ ಬೆಳ್ಳಿ ಬಣ್ಣ ಗಟ್ಟಿಯಾಗಿ ಕೂತಿತ್ತು.

"ಇಲ್ಲಿ ಯಾರ್ರೀ ಬಣ್ಣ ಬಳ್ದೋರು? ಬಣ್ಣದ ಮೇಲೆ ಕರೆಂಟು ಹರೀತದಾ?"

ಆಯುಧಪೂಜೆಗೆ ಅಂಗಡಿಯ ತಕ್ಕಡಿಗೆ ಪ್ರತಿವರ್ಷ ಬೆಳ್ಳಿ ಬಣ್ಣ ಹೊಡೆಯುವವನು ನಾನೇ. ಈ ಸಲ ಡಬ್ಬಿಯಲ್ಲಿ ಉಳಿದ ಬಣ್ಣ ದಂಡವಾಗಬಾರದೆಂದು ಕಾರಿನ ಬಾನೆಟ್ ಎತ್ತಿ, ತುಕ್ಕು ಹಿಡಿದ ಕಡೆಗೆಲ್ಲ ಬಳಿದಿದ್ದೆ. ಆ ಬೋಲ್ಟನ್ನಂತೂ ಬಿಚ್ಚಿ, ಉಜ್ಜಿ, ಕೆಳಗೂ ಎರಡು ಸಲ ಬಳಿದು, ಆಮೇಲೆ ಬಿಗಿದು ಕುಂಕುಮ ಇಟ್ಟಿದ್ದೆ. ಪಕ್ಕದಲ್ಲಿ ಬಣ್ಣದ ಡಬ್ಬಿ ಹಿಡಿದು ನಿಂತಿದ್ದವಳು ಅವಳೇ.

ಗಾಜಿನಾಚೆ ನೋಡಿದೆ. ಸ್ಟೀರಿಂಗಿನ ಮೇಲೆ ಕೈಯಿಟ್ಟು ನನ್ನನ್ನೇ ನೋಡುತ್ತಿದ್ದಳು. ಆತ ಉಪ್ಪುಕಾಗದ ತಂದು ಬಣ್ಣ ಕೆರೆಯುವಷ್ಟು ಹೊತ್ತು ನಾಚಿಕೆಯಿಂದ ನನಗೆ ಎಲ್ಲಿ ನಿಲ್ಲಬೇಕೆಂದೇ ತಿಳಿಯಲಿಲ್ಲ.

ಹೊರಡುವಾಗ ಡ್ರೈವರ್ ಸೀಟಿನ ಬಾಗಿಲಿಗೆ ಹೋದೆ. ಅವಳು ಏಳಲಿಲ್ಲ. "ತಪ್ಪು ನಂದು ಕಣೇ" ಎಂದೆ.

"ಬಣ್ಣದ್ದು ಬಿಡಿ, ಯಾರ್ಗಾದ್ರೂ ಆಗ್ತದೆ" ಎಂದಳು. "ನಾನು ಕೀ ಹಿಡ್ಕಂಡೇ ಕೂತಿರ್ತೀನಿ ಅಂದ್ರಲ್ಲ, ನೀವದನ್ನ ಯಾವತ್ತು ನೋಡಿದ್ರಿ?"

ಅವಳು ಲೈಸೆನ್ಸ್ ತೆಗೆದುಕೊಂಡು ಎರಡು ವರ್ಷವಾಗಿತ್ತು. ಅವಳು ಓಡಿಸುವಾಗ ನಾನು ಒಂದು ದಿನವೂ ಆ ಕಾರಿನಲ್ಲಿ ಕೂತಿರಲಿಲ್ಲ.

ಸುತ್ತಿಕೊಂಡು ಹೋಗಿ ಎಡಗಡೆಯ ಬಾಗಿಲು ತೆಗೆದು ಕೂತೆ. ಅವಳು ಕೀ ತಿರುಗಿಸಿದಳು. ಎಂಜಿನ್ ಹತ್ತಿಕೊಂಡ ಕೂಡಲೇ ಕೀಯಿಂದ ಬೆರಳು ತೆಗೆದಳು.